ಬಲಗಡೆ ಕಾಲಂನ ದೊರೆಗೊಂದು ಬಹಿರಂಗ ಪತ್ರ

ಇವರಿಗೆ,
ಸನ್ಮಾನ್ಯ ಶ್ರೀ ಬಯಾಲಾಜಿಕಲ್ ರೆಫರೆನ್ಸ್ ಇಂಟರ್ವಲ್ ಅವರು,
ರಕ್ತಪರೀಕ್ಷೆ ರಿಪೋರ್ಟಿನ ಬಲಗಡೆ ಕಾಲಂ,
ಪುಟ 3, ಆರ್‌ಎಫ್‌ಟಿ (ಕಿಡ್ನಿ ಪರೀಕ್ಷೆ) ವಿಭಾಗ.

ಮಾನ್ಯರೇ,

ವಿಷಯ: ನಮ್ಮ ಮನೆಯ ಹುಡುಗನಿಗೆ ಸ್ಟಾರ್ ಕೊಟ್ಟು, ಅಜ್ಜಿಗೆ ಕೊಡದೇ ಇರುವ ಬಗ್ಗೆ.
ಉಲ್ಲೇಖ: 999 ರೂಪಾಯಿಯ ಫುಲ್ ಬಾಡಿ ಚೆಕಪ್ (ಒಬ್ಬರು ಮಾಡಿಸಿದರೆ ಇನ್ನೊಬ್ಬರಿಗೆ ಉಚಿತ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೊನ್ನೆ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯ ಇಬ್ಬರ ರಿಪೋರ್ಟುಗಳು ಮೊಬೈಲಿಗೆ ಬಂದವು. ಮೊಮ್ಮಗನಿಗೆ 25 ವರ್ಷ, ಕ್ರಿಯಾಟಿನಿನ್ 1.4. ಅಜ್ಜಿಗೆ 70 ವರ್ಷ, ಕ್ರಿಯಾಟಿನಿನ್ 1.1. ತಾವು ಬಲಗಡೆ ಕುಳಿತು ಇಬ್ಬರಿಗೂ ಒಂದೇ ಗೆರೆ ಎಳೆದಿದ್ದಿರಿ: 0.6ರಿಂದ 1.2. ಹುಡುಗನ ಅಂಕಿ ದಪ್ಪಕ್ಷರವಾಗಿ, ಪಕ್ಕದಲ್ಲೊಂದು ನಕ್ಷತ್ರ ಮೂಡಿತು. ಅಜ್ಜಿಯದು ತೆಳ್ಳಗೆ, ಸಪ್ಪಗೆ, ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಬೆಳಗಾಗುವುದರೊಳಗೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹುಡುಗನ ಕಿಡ್ನಿ ಅರ್ಧ ಹೋಗಿತ್ತು. ಒಬ್ಬರು ಬಾರ್ಲಿ ನೀರು ಎಂದರು, ಇನ್ನೊಬ್ಬರು ಕೊತ್ತಂಬರಿ ಬೀಜದ ಕಷಾಯ ಎಂದರು. ಕಿಡ್ನಿ ತೊಳೆಯುವ ಪುಡಿಯ ಏಜೆನ್ಸಿ ಹಿಡಿದಿರುವ ಚಿಕ್ಕಪ್ಪ ರಿಯಾಯಿತಿ ದರವನ್ನೇ ಹಾಕಿಬಿಟ್ಟರು. ಕರಾವಳಿಯ ಭಾವನವರದು ಧಾರೆಹುಳಿ ಜ್ಯೂಸಿನ ಸಲಹೆ. (ಧಾರೆಹುಳಿಯಲ್ಲಿ ಆಕ್ಸಲೇಟ್ ತುಂಬಿದೆ, ಕಿಡ್ನಿ ಕುಂದಿದವರಿಗೆ ಅದು ವಿಷವೇ. ಅದರ ಬಂಧು ಬಿಂಬುಳಿಯ ರಸವನ್ನು ಕೊಲೆಸ್ಟರಾಲ್ ಇಳಿಯಲೆಂದು ಕುಡಿದು ನೆಟ್ಟಗಿದ್ದ ಕಿಡ್ನಿಯನ್ನೇ ಕೆಡಿಸಿಕೊಂಡವರ ಬಗ್ಗೆ ಕೇರಳದ ವೈದ್ಯರು ವರದಿ ಮಾಡಿದ್ದಾರೆ.) ಹುಡುಗನ ತಾಯಿ ಜಾತಕ ಹೊರಗೆ ಕೊಡುವುದನ್ನು ನಿಲ್ಲಿಸಿದರು. ಇದೆಲ್ಲ ತಮ್ಮ ಒಂದು ನಕ್ಷತ್ರದ ಮಹಿಮೆ.

ತಾವು ಕೇಳಲಿಲ್ಲ, ಆದ್ದರಿಂದ ಹೇಳುತ್ತೇನೆ. ಹುಡುಗ ದಿನಾ ಬೆಳಿಗ್ಗೆ ಜಿಮ್ಮಿಗೆ ಹೋಗುತ್ತಾನೆ. ಹಾಲಿಗೆ ಕ್ರಿಯಾಟಿನ್ ಪುಡಿ ಕಲಸಿ ಕುಡಿಯುತ್ತಾನೆ. ರಕ್ತ ಕೊಡುವ ಹಿಂದಿನ ರಾತ್ರಿ ಗೆಳೆಯನ ಹುಟ್ಟುಹಬ್ಬದಲ್ಲಿ ಅರ್ಧ ಕೋಳಿ ಮುಗಿಸಿದ್ದ. ಕ್ರಿಯಾಟಿನಿನ್ ಎಂಬುದು ಸ್ನಾಯುಗಳು ದಿನವೂ ಹೊರಹಾಕುವ ಕಸ. ಸ್ನಾಯು ಹೆಚ್ಚಿದ್ದರೆ ಕಸವೂ ಹೆಚ್ಚು, ಬೇಯಿಸಿದ ಮಾಂಸ ತಿಂದರೆ ಇನ್ನಷ್ಟು. ಪುಡಿಯನ್ನೂ ಕೋಳಿಯನ್ನೂ ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಿದರಾಯಿತು. ಆಗಲೂ ಅನುಮಾನವಿದ್ದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆಯಿದೆ, ಅದು ಸ್ನಾಯುವಿನ ಹಂಗಿನಲ್ಲಿ ಅಷ್ಟಾಗಿ ಇಲ್ಲ.

ಈಗ ಅಜ್ಜಿಯ ವಿಷಯಕ್ಕೆ ಬರೋಣ. ತೂಕ 42 ಕೆಜಿ. ರಕ್ತ ತೆಗೆಯಲು ಬಂದ ಹುಡುಗಿಗೆ ತೋಳಿನ ಪಟ್ಟಿ ಕಟ್ಟಲು ಸ್ನಾಯುವೇ ಸಿಗಲಿಲ್ಲ. ಮಂಡಿನೋವಿಗೆಂದು ಮೆಡಿಕಲ್ ಶಾಪಿನವನನ್ನೇ ಕೇಳಿ ಪೇನ್‌ಕಿಲ್ಲರ್ ನುಂಗುತ್ತಾ ವರ್ಷಗಳೇ ಆಗಿವೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಕಸ ಹುಟ್ಟುವುದೇ ಇಷ್ಟು ಕಡಿಮೆ ಇರುವ ಮೈಯಲ್ಲಿ 1.1 ಯಾಕೆ ನಿಂತಿದೆ ಎಂದು ತಮಗೆ ಅನ್ನಿಸಬೇಕಿತ್ತು. ಅದೇ ರಿಪೋರ್ಟಿನ ಕೆಳಗೆ, ಕನ್ನಡಕ ಒರೆಸಿಕೊಂಡು ಓದಬೇಕಾದ ಅಕ್ಷರದಲ್ಲಿ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ಅಂತ ಒಂದು ಸಾಲಿತ್ತು: 54. ವಯಸ್ಸನ್ನೂ ಹೆಣ್ಣೋ ಗಂಡೋ ಎಂಬುದನ್ನೂ ಸೇರಿಸಿ 2021ರ ಸೂತ್ರ ಕೊಟ್ಟ ಲೆಕ್ಕ ಅದು. ಅದೇ 1.1 ನಮ್ಮ ಹುಡುಗನಿಗೆ ಬಂದಿದ್ದರೆ ಉತ್ತರ 95 ದಾಟುತ್ತಿತ್ತು. ತಮ್ಮ ಕಣ್ಣಿಗೆ ಎರಡೂ ನಾರ್ಮಲ್.

ಆ 54 ಕೂಡ ಅಜ್ಜಿಯ ಮುಖಸ್ತುತಿಯೇ ಇರಬಹುದು. ತೆಳ್ಳಗಿನವರಲ್ಲಿ ಈ ಸೂತ್ರ ಕಿಡ್ನಿಯನ್ನು ಸ್ವಲ್ಪ ಹೊಗಳುತ್ತದೆ. ಅದರ ಕೆಳಗೆ ಅಚ್ಚಾಗುವ 1.73 ಚದರ ಮೀಟರ್ ಎಲ್ಲಿಂದ ಬಂತು ಗೊತ್ತೇ? 1920ರ ದಶಕದಲ್ಲಿ ಅಮೆರಿಕದ 25ರ ಹರೆಯದವರ ಸರಾಸರಿ ಮೈ ವಿಸ್ತಾರ ಅದು. ನಮ್ಮ ಅಜ್ಜಿಗೆ ಇವತ್ತಿಗೂ ಆ ತರುಣರ ಅಳತೆಯ ಅಂಗಿ ತೊಡಿಸಿ, ಸರಿಯಾಗಿ ಕೂತಿದೆ ಎನ್ನುತ್ತಿದ್ದೀರಿ. ಔಷಧದ ಡೋಸ್ ನಿರ್ಧರಿಸಲು ವೈದ್ಯರು ಈಗಲೂ ನೆಚ್ಚುವ 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ತೂಕವನ್ನೂ ಹಾಕಿ ನೋಡಿದೆ: ನಿಮಿಷಕ್ಕೆ ಸುಮಾರು 32 ಮಿಲಿಲೀಟರ್. ಅದೇನೂ ಅಜ್ಜಿಯರ ಮೇಲೆ ಕಟ್ಟಿದ ಸೂತ್ರವಲ್ಲ. ಬಹುತೇಕ ಗಂಡಸರೇ ಇದ್ದ 249 ಮಂದಿಯ ಮೇಲೆ ಕಟ್ಟಿ, ಹೆಂಗಸರಿಗೆ 0.85ರಿಂದ ಗುಣಿಸಿಕೊಳ್ಳಿ ಎಂದು ಕೈತೊಳೆದುಕೊಂಡದ್ದು.

ಇಷ್ಟಕ್ಕೇ ಅಜ್ಜಿಗೆ ಕಿಡ್ನಿ ಕಾಯಿಲೆ ಎಂದು ನಾನೇ ತೀರ್ಪು ಕೊಟ್ಟರೆ ತಮಗೂ ನನಗೂ ವ್ಯತ್ಯಾಸವಿರುವುದಿಲ್ಲ. 60ಕ್ಕಿಂತ ಕೆಳಗಿನ ಅಂಕಿ ಕನಿಷ್ಠ ಮೂರು ತಿಂಗಳು ಅಲ್ಲೇ ನಿಂತರೆ ಮಾತ್ರ ದೀರ್ಘಕಾಲದ ಕಾಯಿಲೆ ಎನ್ನುವುದು. ಅಜ್ಜಿಯನ್ನು ವೈದ್ಯರಿಗೆ ತೋರಿಸಿದೆವು. ಅವರು ಮೊದಲು ಮಾಡಿದ ಕೆಲಸವೆಂದರೆ ಪೇನ್‌ಕಿಲ್ಲರ್ ನಿಲ್ಲಿಸಿದ್ದು. ಎರಡನೆಯದು, ಹಳೆಯ ರಿಪೋರ್ಟು ಇದೆಯಾ ಎಂದು ಕೇಳಿದ್ದು. ಇತ್ತು. ಎರಡು ವರ್ಷದ ಹಿಂದೆ 0.8, ಕಳೆದ ವರ್ಷ 0.9, ಈಗ 1.1. ಮೂರೂ ಸಲ ತಾವು ನಾರ್ಮಲ್ ಎಂದು ತಲೆಯಾಡಿಸಿದ್ದೀರಿ. ಸೋಸುವ ಶಕ್ತಿ ಅರ್ಧದಷ್ಟು ಇಳಿಯುವವರೆಗೂ ಕ್ರಿಯಾಟಿನಿನ್ ತಮ್ಮ ಗೆರೆಯೊಳಗೇ ಸುಮ್ಮನೆ ಕೂತಿರಬಲ್ಲದು ಎಂಬುದು ತಮಗೆ ಗೊತ್ತಿಲ್ಲದ್ದೇನಲ್ಲ.

ತಮ್ಮ ಹುಟ್ಟಿನ ಗುಟ್ಟೂ ಹೇಳಿಬಿಡುತ್ತೇನೆ, ಬೇಸರ ಬೇಡ. ಆರೋಗ್ಯವಂತರನ್ನು ಸೇರಿಸಿ, ಅವರಲ್ಲಿ ನಡುವಿನ ನೂರಕ್ಕೆ 95 ಮಂದಿಯ ಅಂಕಿಗೆ ಬೇಲಿ ಹಾಕಿದ್ದೇ ತಾವು. ಉಳಿದ ಐದು ಮಂದಿ ಏನೂ ಆಗದಿದ್ದರೂ ಬೇಲಿಯಾಚೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಗಟ್ಟಿಮುಟ್ಟಾದವನಿಗೂ ಒಂದಾದರೂ ಸ್ಟಾರ್ ಬೀಳುವ ಸಾಧ್ಯತೆ ಶೇಕಡಾ 64. ಪ್ಯಾಕೇಜಿನಲ್ಲಿ ಪರೀಕ್ಷೆಗಳು ಹೆಚ್ಚಿದಷ್ಟೂ ಮರುಪರೀಕ್ಷೆಯ ಗಿರಾಕಿ ಹೆಚ್ಚುವುದು ಕಾಕತಾಳೀಯವಂತೆ.

ತಮ್ಮ ನೆರೆಹೊರೆಯವರ ಬಗ್ಗೆಯೂ ಎರಡು ಮಾತು. ಬ್ಲಡ್ ಯೂರಿಯಾ 47 ಎಂದು ಒಂದು ಸಾಲು, ಬಿಯುಎನ್ (ಯೂರಿಯಾದೊಳಗಿನ ನೈಟ್ರೋಜನ್) 22 ಎಂದು ಇನ್ನೊಂದು. ಎರಡನೆಯದನ್ನು 2.14ರಿಂದ ಗುಣಿಸಿದರೆ ಮೊದಲನೆಯದು ಬರುತ್ತದೆ. ಅಳೆದದ್ದು ಒಂದನ್ನೇ, ಆದರೆ ಅಜ್ಜಿಗೆ ಇಲ್ಲಿ ಎರಡು ಸ್ಟಾರ್. ಖಾಲಿ ಹೊಟ್ಟೆ ಎಂದರೆ ನೀರೂ ಕುಡಿಯಬಾರದು ಎಂದುಕೊಂಡು ರಾತ್ರಿಯಿಂದ ಗಂಟಲು ಒಣಗಿಸಿಕೊಂಡವರ ಯೂರಿಯಾ ಏರದೆ ಇನ್ನೇನು? ಇನ್ನು ಪೊಟ್ಯಾಸಿಯಂ: ರಕ್ತದ ಟ್ಯೂಬು ಬಿಸಿಲಲ್ಲಿ ಬೈಕಿನ ಮೇಲೆ ಕುಲುಕಾಡಿ ಕಣಗಳು ಒಡೆದರೂ ಏರುತ್ತದೆ. ನಿಜವಾಗಿಯೇ ಏರಿದ್ದರೆ ಮಾತ್ರ ಎಳನೀರು ತರುವ ನೆಂಟರನ್ನು ಗೇಟಿನಲ್ಲೇ ತಡೆಯಬೇಕು. ಲಂಡನ್ನಿನಲ್ಲಿರುವ ನಮ್ಮ ಮನೆಮಗಳು ತನ್ನ ಕ್ರಿಯಾಟಿನಿನ್ 70 ಎಂದು ಗುಂಪಿನಲ್ಲಿ ಹಾಕಿದಾಗ ಎದೆ ಹಿಡಿದುಕೊಂಡವರಿಗೆ ಸಮಾಧಾನ ಹೇಳುವ ಕೆಲಸವೂ ನನಗೇ ಬಂತು. ಅಲ್ಲಿನ ಮಾನ ಬೇರೆ, 88.4ರಿಂದ ಭಾಗಿಸಿದರೆ ನಮ್ಮ 0.8.

ಆದ್ದರಿಂದ ತಾವು ದಯಮಾಡಿ ಮುಂದಿನ ರಿಪೋರ್ಟಿನಲ್ಲಿ ಬಲಗಡೆ ಸ್ವಲ್ಪ ಸರಿದು, ಕಳೆದ ವರ್ಷದ ಅಂಕಿಗೆ ಜಾಗ ಬಿಟ್ಟುಕೊಡಬೇಕಾಗಿ ವಿನಂತಿ. ನಕ್ಷತ್ರಗಳನ್ನು ಪಂಚಾಂಗದವರಿಗೆ ವಾಪಸು ಮಾಡಿದರೂ ನಮ್ಮ ಆಕ್ಷೇಪಣೆ ಇಲ್ಲ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಅಜ್ಜಿಯ ರಿಪೋರ್ಟು ಫೈಲ್ ಮಾಡುವ ಮನೆಯವರು

ಪ್ರತಿ:
1. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಅವರಿಗೆ. ಇಜಿಎಫ್‌ಆರ್ 90 ಇದ್ದಾಗಲೂ ಸಕ್ಕರೆ ಕಾಯಿಲೆಯವರ ಕಿಡ್ನಿ ಸೋರುವುದನ್ನು ಮೊದಲು ಹಿಡಿಯುವವರು ತಾವೇ. 30 ದಾಟಿದರೆ ಎಚ್ಚರಿಸಬೇಕಾದ ತಮ್ಮ ಹೆಸರು 999ರ ಪ್ಯಾಕೇಜಿನಲ್ಲಿ ಎಲ್ಲೂ ಕಾಣಲಿಲ್ಲ. ಮಾಹಿತಿಗಾಗಿ.
2. ಏಜೆನ್ಸಿ ಚಿಕ್ಕಪ್ಪನವರಿಗೆ. ಪುಡಿಯ ಡಬ್ಬಿಯನ್ನು ಸೀಲ್ ಒಡೆಯದೆ ಹಿಂದಿರುಗಿಸಲಾಗಿದೆ. ಸ್ವೀಕೃತಿ ಕಳುಹಿಸುವುದು.