ತಿಳಿದಷ್ಟು ಕೊಡ್ರಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರುಗಳನ್ನು ಹಾದು ಹೋಗುವ 150ಎ ಹೆದ್ದಾರಿಯಲ್ಲಿ ನೆರಳಿಗೆ ಬರ ಬಂದೀತು, ಪಂಚರ್ ಅಂಗಡಿಗೆ ಬರವಿಲ್ಲ. ಒಂದು ಅಂಗಡಿಯ ಮುಂದೆ ಹಳೇ ಟೈರಿಗೆ ಬಿಳಿ ಬಣ್ಣ ಬಳಿದು ತೂಗುಹಾಕಿರುತ್ತಾರೆ. ಇನ್ನೊಂದಕ್ಕೆ ಬೋರ್ಡೇ ಇಲ್ಲ, ನೆಲದ ಮೇಲಿನ ಎಣ್ಣೆ ಕಲೆಯೇ ಬೋರ್ಡು. ಅಂಗಡಿ ಹೇಗೇ ಇರಲಿ, ಸಣ್ಣ ಕೆಲಸ ಮುಗಿದ ಮೇಲೆ ‘ಎಷ್ಟಾತ್ರಿ?’ ಅಂತ ಕೇಳಿದರೆ ಮೂರೂ ಊರಿನಲ್ಲಿ ಬರುವ ಉತ್ತರ ಒಂದೇ: “ನಿಮಗ ತಿಳಿದಷ್ಟು ಕೊಡ್ರಿ.”

ಇಷ್ಟು ಕಠಿಣವಾದ ಪ್ರಶ್ನೆಯನ್ನು ಯಾವ ವಿಶ್ವವಿದ್ಯಾಲಯವೂ ಕೇಳುವುದಿಲ್ಲ. ಪಂಚರಿಗೆ ರೇಟು ಇದೆ. ಟ್ಯೂಬಿಗೆ, ಬ್ರೇಕ್ ರಬ್ಬರಿಗೆ, ಚೈನಿಗೆ ರೇಟು ಇದೆ. ಆದರೆ ಸಡಿಲಾದ ನಟ್ಟನ್ನು ಒಂದು ಸುತ್ತು ಬಿಗಿ ಮಾಡಿದ್ದಕ್ಕೆ ಎಷ್ಟು? ಕಿರುಗುಟ್ಟುವ ಪೆಡಲಿಗೆ ಎರಡು ಹನಿ ಎಣ್ಣೆ ಬಿಟ್ಟದ್ದಕ್ಕೆ? ಐದು ರೂಪಾಯಿ ಕೊಟ್ಟರೆ ಜಿಪುಣ. ಐವತ್ತು ಕೊಟ್ಟರೆ ‘ದುಡ್ಡಿನ ಸೊಕ್ಕು ನೋಡು’. ಪುಕ್ಕಟೆ ಹೋದರೆ ನಾಳೆ ಅದೇ ದಾರಿಯಲ್ಲಿ ಮುಖ ತಪ್ಪಿಸಿಕೊಂಡು ಹೋಗಬೇಕು. ಕಿಸೆಯೊಳಗೆ ಕೈ ಹಾಕಿ ನಾಣ್ಯ ತಡಕುತ್ತ ನಿಂತವನ ತಲೆಯಲ್ಲಿ ಆಗ ಎಷ್ಟು ಲೆಕ್ಕ ನಡೆಯುತ್ತದೆಂದು ಅಂಗಡಿಯವನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವನು ಬೇರೆ ಕಡೆ ನೋಡುತ್ತಾನೆ.

ಹಾಗೆ ನೋಡಿದರೆ ಈ ಸೀಮೆಯಲ್ಲಿ ಸೈಕಲ್ ರಿಪೇರಿ ಮಾಡುವವನಿಗೆ ಗಿರಾಕಿಯನ್ನು ಕಳಿಸಿಕೊಡುವುದು ಪ್ರಕೃತಿ. ಕಾಲುವೆ ದಂಡೆಗೆ, ಹೊಲದ ಬದುವಿಗೆ, ಊರ ಹೊರಗಿನ ಬಯಲಿಗೆ ಎಲ್ಲೆಲ್ಲೂ ಜಾಲಿ. ಅದರ ಮುಳ್ಳು ಟೈರು ದಾಟಿ, ಟ್ಯೂಬಿನ ಒಂದು ಮಗ್ಗುಲು ಹೊಕ್ಕು ಇನ್ನೊಂದು ಮಗ್ಗುಲಲ್ಲಿ ಇಣುಕಿ ನೋಡುವಷ್ಟು ಉದ್ದ. ಮಳೆ ಬಿತ್ತೆಂದರೆ ಎರೆ ಮಣ್ಣಿನ ಸರದಿ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಆ ಕರಿ ಜಿಗುಟು ಮೆತ್ತಿಕೊಂಡಿತೆಂದರೆ ಗಾಲಿ ತಿರುಗುವ ಮಾತೇ ಇಲ್ಲ. ಕಡ್ಡಿ ಹಾಕಿ ಕೆದಕಬೇಕು, ಹತ್ತು ಮಾರು ಹೋಗಬೇಕು, ಮತ್ತೆ ಕೆದಕಬೇಕು. ಕೊನೆಗೆ ಸವಾರನ ಮೇಲೆ ಸೈಕಲ್ ಹತ್ತಿಕೊಂಡು ಊರು ಸೇರುತ್ತದೆ. ಬುದ್ಧಿವಂತರು ಮುಂಗಾರಿಗೆ ಮೊದಲೇ ಮಡ್‌ಗಾರ್ಡು ಬಿಚ್ಚಿಸಿ ಇಡುತ್ತಾರೆ. ಬಿಚ್ಚುವುದು, ಮಳೆಗಾಲ ಕಳೆದ ಮೇಲೆ ಮತ್ತೆ ಕೂಡಿಸುವುದು ಎರಡೂ ‘ತಿಳಿದಷ್ಟು ಕೊಡ್ರಿ’ ಖಾತೆಗೇ ಸೇರಿದ ಕೆಲಸ.

ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಡನ್‌ಲಪ್ ದನದ ಡಾಕ್ಟರು. ಬೆಲ್‌ಫಾಸ್ಟಿನಲ್ಲಿ ಮಗನ ಮೂರು ಗಾಲಿ ಸೈಕಲ್ ಕುಲುಕಬಾರದೆಂದು ಮಾಡಿದ್ದು. ಆ ಊರಲ್ಲಿ ಜಾಲಿ ಗಿಡ ಇರಲಿಲ್ಲವೆಂದು ತೋರುತ್ತದೆ.

ಪಂಚರ್ ಹಾಕುವುದನ್ನು ಸಾವಕಾಶವಾಗಿ ನೋಡಬೇಕು. ಟೈರಿನ ಅಂಚನ್ನು ಪಾನಾದ ತುದಿಯಿಂದ ಎತ್ತಿ ಟ್ಯೂಬನ್ನು ಹೊರಗೆಳೆಯುವುದು, ಹವಾ ಹೊಡೆದು ನೀರಿನ ಬೋಗುಣಿಯಲ್ಲಿ ಗೇಣು ಗೇಣಾಗಿ ಮುಳುಗಿಸುವುದು, ಗುಳುಗುಳು ಗುಳ್ಳೆ ಎದ್ದಲ್ಲಿ ಬೆರಳೊತ್ತಿ ಗುರುತು ಹಿಡಿಯುವುದು. ಆಮೇಲೆ ಒರೆಸು, ಉಜ್ಜು, ಸೊಲ್ಯೂಷನ್ ಹಚ್ಚು. ಹಚ್ಚಿದ ಕೂಡಲೇ ಪಟ್ಟಿ ಅಂಟಿಸುವವನು ಹೊಸಬ. ಹಳಬ ಸೊಲ್ಯೂಷನ್ ಒಣಗಲೆಂದು ಬಿಟ್ಟು ಒಂದು ಮಾತಾಡುತ್ತಾನೆ, ಭತ್ತದ ರೇಟೋ ಕಾಲುವೆಯ ನೀರೋ ಯಾವುದೋ ಒಂದು. ಅದು ಕಾಲಹರಣದ ಮಾತಲ್ಲ, ಒಣಗುವ ಹೊತ್ತಿನ ಅಳತೆ. ಕೊನೆಗೆ ಟೈರಿನ ಒಳಮೈಯಲ್ಲಿ ಬರಿಗೈ ಆಡಿಸಿ ಮುಳ್ಳನ್ನು ಹುಡುಕುತ್ತಾನೆ. ನಿಜವಾದ ಕೆಲಸ ಇದೇ. ಮುಳ್ಳು ಒಳಗೇ ಉಳಿದರೆ ಸಂಜೆಗೆ ಮತ್ತೆ ಅದೇ ಕತೆ. ನಾವು ದುಡ್ಡು ಕೊಡುವುದು ಪಟ್ಟಿಗೆ. ಮುಳ್ಳು ಹುಡುಕಿದ ಬೆರಳಿಗೆ ಯಾವ ರೇಟೂ ಇಲ್ಲ.

ಈ ನಡುವೆ “ಇನ್ನೊಂದು ಐತ್ರಿ” ಎಂಬ ಮಾತು ಕೇಳಿಸಿದರೆ ಎದೆ ಧಸಕ್ಕೆನ್ನುತ್ತದೆ. ಇತ್ತೋ, ಮಾಡಿದನೋ? ಬೋಗುಣಿಯೊಳಗೆ ಬಗ್ಗಿ ನೋಡುತ್ತೇವೆ. ಗುಳ್ಳೆ ನಿಜ. ಗುಳ್ಳೆಯ ಹುಟ್ಟಿನ ಬಗ್ಗೆ ಮಾತ್ರ ಸಂಶಯ ಉಳಿಯುತ್ತದೆ. ಈ ಸಂಶಯದಲ್ಲಿ ಹುರುಳಿಲ್ಲವೆಂಬುದು ನನ್ನ ಅಭಿಪ್ರಾಯ. ಇಷ್ಟು ಜಾಲಿ ಇರುವ ನಾಡಿನಲ್ಲಿ ಸ್ವಂತ ತೂತು ಮಾಡುವಷ್ಟು ಬಿಡುವು ಯಾರಿಗಿದೆ?

ಬೆಂಗಳೂರಿನಲ್ಲಿರುವ ನನ್ನ ಮಗ, ಅಪ್ಪನಿಗೆ ವ್ಯಾಯಾಮವಾಗಲಿ ಎಂದು, ಗೇರಿನ ಸೈಕಲ್ಲೊಂದನ್ನು ಆನ್‌ಲೈನಿನಲ್ಲಿ ತರಿಸಿಕೊಟ್ಟ. ಬಂದದ್ದು ಸೈಕಲ್ಲಲ್ಲ, ಒಂದು ರಟ್ಟಿನ ಪೆಟ್ಟಿಗೆ. ಮೇಲೆ ‘ಶೇಕಡಾ 85 ಜೋಡಿಸಲಾಗಿದೆ’ ಎಂಬ ಭರವಸೆ. ಉಳಿದ 15 ಎಂದರೆ ಹ್ಯಾಂಡಲ್, ಸೀಟು, ಮುಂದಿನ ಗಾಲಿ, ಪೆಡಲ್, ಬ್ರೇಕು. ಅಂದರೆ ಯಾವುದು ಇಲ್ಲದಿದ್ದರೆ ಅದನ್ನು ಸೈಕಲ್ ಎನ್ನಲಾಗುವುದಿಲ್ಲವೋ ಅಷ್ಟೂ. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ “ಅಂಕಲ್, ನಾನ್ ಮಾಡ್ತೀನಿ” ಎಂದು ಕೂತ. ಬಲಗಡೆಯ ಪೆಡಲ್ ಸಲೀಸಾಗಿ ಕೂತಿತು. ಎಡಗಡೆಯದು ಏನು ಮಾಡಿದರೂ ಒಲ್ಲೆ ಎಂದಿತು. ಅವನು ಇನ್ನಷ್ಟು ಬಲ ಹಾಕಿದ.

ಕೊನೆಗೆ ಪೆಟ್ಟಿಗೆ ಸಮೇತ ಒಯ್ದಾಗ ಮಸ್ಕಿಯ ಪಂಚರ್ ಅಂಗಡಿಯ ನಮ್ಮ ಚಾಚಾ ಅದನ್ನು ದೂರದಿಂದಲೇ ನೋಡಿ, “ಎಡಗಡೆ ಪೆಡಲ್ ಉಲ್ಟಾ ತಿರುವಬೇಕ್ರಿ ಮಾಸ್ತರ್ರ” ಎಂದ. ಎಡ ಪೆಡಲಿಗೆ ಎಡ ಸುತ್ತಿನ ಮರೆ ಇರುತ್ತದೆ. ಇಲ್ಲವಾದರೆ ತುಳಿಯುತ್ತ ತುಳಿಯುತ್ತ ತಾನೇ ಬಿಚ್ಚಿಕೊಳ್ಳುತ್ತದೆ. ಜಗತ್ತಿನ ಎಲ್ಲ ಸೈಕಲ್ಲುಗಳಲ್ಲೂ ಹೀಗೇ. ಚಾಚಾ ಇದನ್ನು ಕಲಿತದ್ದು ಹನ್ನೊಂದನೇ ವಯಸ್ಸಿನಲ್ಲಂತೆ, ಉಸ್ತಾದನ ಕೈಯಲ್ಲಿ ತಲೆಗೊಂದು ಏಟು ತಿಂದು. ಎಂಜಿನಿಯರಿಂಗ್ ಹುಡುಗನಿಗೆ ಆರನೇ ಸೆಮಿಸ್ಟರ್ ತನಕ ಯಾರೂ ಹೇಳಿರಲಿಲ್ಲ, ಹೊಡೆದೂ ಇರಲಿಲ್ಲ.

ಆದರೆ ಸೈಕಲ್ ಚಾಚಾನ ಅಂಗಡಿಯಲ್ಲಿ ಕೊಂಡದ್ದಲ್ಲವಲ್ಲ! ಮದುವೆಗೆ ಕರೆಯದೆ ಬಾಣಂತನಕ್ಕೆ ಹೇಳಿಕಳಿಸಿದ ಹಾಗೆ. ಚಾಚಾ ಏನೂ ಅನ್ನಲಿಲ್ಲ. ಪೆಟ್ಟಿಗೆಯನ್ನು ಮಾತ್ರ ಒಂದು ಸಲ ಕಾಲಲ್ಲಿ ಸರಿಸಿದ. ಮರೆ ಸರಿಪಡಿಸಿ, ಬ್ರೇಕ್ ಕೂಡಿಸಿ, ಗೇರ್ ಹೊಂದಿಸಿ, ಮುಂದಿನ ಗಾಲಿಯನ್ನು ತಿರುಗಿಸಿ ರಿಮ್ಮಿನ ಹತ್ತಿರ ಹೆಬ್ಬೆರಳು ಹಿಡಿದು ಕಣ್ಣು ಕಿರಿದು ಮಾಡಿದ. “ಬೆಂಡ್ ಐತಿ.” ಹೊಸ ಗಾಲಿ! ಕಡ್ಡಿಗಳನ್ನು ಒಂದನ್ನು ಬಿಗಿದು, ಎದುರಿನದನ್ನು ಸಡಿಲಿಸಿ, ಮತ್ತೆ ತಿರುಗಿಸಿ, ಮತ್ತೆ ಹೆಬ್ಬೆರಳು. ನಮ್ಮ ಹಳೇ ಕರಿ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ಒಂದೊಂದರ ಬಿಗುವೂ ಉಳಿದವುಗಳ ಮೇಲೆ ನಿಂತಿದೆ. ಈ ಕೆಲಸಕ್ಕೆ ಯಂತ್ರವಿದೆಯಂತೆ. ಚಾಚಾನ ಹತ್ತಿರ ಇರುವುದು ಹೆಬ್ಬೆರಳು.

ಇಂಥ ಫಿಟ್ಟಿಂಗಿನ ದೊಡ್ಡ ಸುಗ್ಗಿ ಬಂದದ್ದು 2006-07ರಲ್ಲಿ, ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ. ಶಾಲೆಯ ಅಂಗಳದಲ್ಲಿ ಬಿಡಿಭಾಗ ಜೋಡಿಸಿ, ಸಾಲಾಗಿ ನಿಲ್ಲಿಸಿ, ಫೋಟೊ ತೆಗೆಸಿ ಹಂಚುತ್ತಿದ್ದರು. ಹುಡುಗ ಹುಡುಗಿಯರು ಅಂಗಳದಿಂದ ಹೊರಬಿದ್ದವರೇ ನೇರ ಪಂಚರ್ ಅಂಗಡಿಗೆ ಬರುತ್ತಿದ್ದರು: ಹ್ಯಾಂಡಲ್ ಬಿಗಿ ಮಾಡಿ, ಸೀಟು ಇಳಿಸಿ, ಚೈನು ಬಿಗಿಸಿ, ಗಂಟೆ ಹಾಕಿ. ಸೈಕಲ್ ಪುಕ್ಕಟೆ ಬಂದಿರುವಾಗ ಬಿಗಿ ಮಾಡಲು ದುಡ್ಡೇಕೆ ಎಂಬುದು ತಂದೆಯರ ತರ್ಕ. ಮಕ್ಕಳ ಕೈಯಲ್ಲಿ ಎರಡು ರೂಪಾಯಿ ಇಸಿದುಕೊಂಡು ಚಾಚಾ ಮಾಡಿಕೊಡುತ್ತಿದ್ದ. ಕೊರೊನಾ ಕಾಲದಲ್ಲಿ ಆ ಸೈಕಲ್ಲುಗಳು ಬರುವುದು ನಿಂತಿತು. ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ದಿನ ಗೊತ್ತುಮಾಡಿದವರು ಪಂಚಾಂಗ ನೋಡಿರಲಿಲ್ಲ.

ಚಾಚಾ ಎನ್ನುತ್ತಿದ್ದೇನೆ. ಹೆಸರು? ಊರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಇದು ಮಸ್ಕಿಗೆ ಹೊಸದೇನಲ್ಲ. 1837ರಲ್ಲಿ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ಬಹುಕಾಲ ಶಾಸನದ ಬಂಡೆಗಳ ಮೇಲೆ ಸಿಗುತ್ತಿದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಬಂದು ಮಸ್ಕಿಯ ಬಂಡೆಯನ್ನು ಕಂಡ. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಷ್ಟು ದೊಡ್ಡ ಚಕ್ರವರ್ತಿಯೇ ಹೆಸರಿಗಾಗಿ ಅಷ್ಟು ಕಾಲ ಕಾದಿದ್ದಾನೆ. ಇನ್ನೂ ಒಂದು ಮಾತು: ದೊಡ್ಡವರಷ್ಟೇ ಅಲ್ಲ, ಸಣ್ಣ ಮನುಷ್ಯನೂ ಧರ್ಮದಲ್ಲಿ ನಡೆದರೆ ಗುರಿ ಮುಟ್ಟಬಲ್ಲ ಎಂಬುದು ಆ ಶಾಸನದ ತಾತ್ಪರ್ಯ. ಮಜೂರಿಯ ವಿಷಯ ಅದರಲ್ಲಿ ಬಂದಿಲ್ಲ. ಬೀಡನ್‌ಗೆ ಬೇಕಾಗಿದ್ದ ಚಿನ್ನ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಸಿಗುತ್ತಿದೆ.

ಸಿಂಧನೂರಿನ ಲೆಕ್ಕವೇ ಬೇರೆ. ಅದು ಭತ್ತದ ಊರು, ಟ್ರ್ಯಾಕ್ಟರಿನ ಊರು. ಗ್ಯಾರೇಜಿನ ಮುಂದೆ ಕನ್ನಡ, ಆಂಧ್ರ ಕ್ಯಾಂಪುಗಳ ತೆಲುಗು, ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ, ಅಂಗಡಿಯವನ ಉರ್ದು ಎಲ್ಲ ಸೇರಿ ಚೌಕಾಸಿ ನಡೆಯುತ್ತದೆ. ಸೈಕಲ್ ಇಲ್ಲಿ ಕಮ್ಮಿ, ಎಕ್ಸೆಲ್ ಮೊಪೆಡ್ ಜಾಸ್ತಿ. ಮುಂದೆ ಯೂರಿಯಾ ಚೀಲ, ಹಿಂದೆ ಹೆಂಡತಿ, ನಡುವೆ ಔಷಧಿ ಹೊಡೆಯುವ ಪಂಪು ಇಟ್ಟುಕೊಂಡು ಓಡುವ ಈ ಗಾಡಿಗೆ ಕ್ಯಾರಿಯರ್ ಬೆಸುಗೆ, ಕೊಕ್ಕೆ, ಹೆಚ್ಚುವರಿ ಸ್ಟ್ಯಾಂಡು ಎಂದು ಫಿಟ್ಟಿಂಗ್ ಮುಗಿಯುವುದೇ ಇಲ್ಲ. ಬೈಕಾದರೆ ಸೀರೆ ಗಾರ್ಡು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕಾದರೂ ಮರೆ ಇರಬೇಕೆನ್ನುತ್ತದೆ. ಗಾಡಿ ತಂದ ವಾರಕ್ಕೇ ಅಂದ ಕೆಡುತ್ತದೆಂದು ಹುಡುಗರು ಅದನ್ನು ಬಿಚ್ಚಿಸುತ್ತಾರೆ, ಮದುವೆಯಾದ ವಾರಕ್ಕೆ ಮತ್ತೆ ಹಾಕಿಸುತ್ತಾರೆ. ಗ್ಯಾರೇಜಿನವನಿಗೆ ಎರಡೂ ಸಲ ಮಜೂರಿ.

ಅದೂ ರೊಕ್ಕ ಕೈಗೆ ಬಂದರೆ. ‘ಸುಗ್ಗಿಗೆ ಕೊಡ್ತೀನಿ’ ಎಂಬ ಖಾತೆ ಕಾಲುವೆಯ ನೀರಿನ ಮೇಲೆ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ಸಿಂಧನೂರಿನಲ್ಲಿ ರೈತರಷ್ಟೇ ಕಂಗಾಲಾದವರು ಗ್ಯಾರೇಜಿನವರು. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಅದೂ ಒಂದು ಫಿಟ್ಟಿಂಗೇ. ಆ ದಿನಗಳಲ್ಲಿ ಗ್ಯಾರೇಜಿನಲ್ಲಿ ಕೇಳಿದ ಮಾತು: “ಚೈನಿಗೆ ಎಣ್ಣಿ ಬಿಡ್ರಿ, ಬಿಡ್ರಿ ಅಂತ ದಿನಾ ಬಡ್ಕೋತೀವಿ, ಯಾರ್ ಕೇಳ್ತಾರ?”

ಶೋರೂಮಿನಲ್ಲಿ ಗಾಡಿ ಸರ್ವಿಸಿಗೆ ಬಿಟ್ಟರೆ ಇದೇ ಕೆಲಸಗಳಿಗೆ ಅಚ್ಚಾದ ಬಿಲ್ಲು ಬರುತ್ತದೆ. ಲೇಬರ್ ಚಾರ್ಜು ಇಷ್ಟು, ಎಣ್ಣೆ ಒರೆಸಿದ ಬಟ್ಟೆಗೆ ಇಷ್ಟು, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಎ.ಸಿ. ಕೋಣೆಯಲ್ಲಿ ಕೂತು ಪುಕ್ಕಟೆ ಕಾಫಿ ಕುಡಿದವರು ಬಾಯಿ ಬಿಡದೆ ಕಾರ್ಡು ಉಜ್ಜಿ ಬರುತ್ತಾರೆ. ಅವರೇ ರಸ್ತೆ ಬದಿಯಲ್ಲಿ, “ಬರೇ ಒಂದು ನಟ್ಟು ತಿರುವಿದ್ದಕ್ಕ ಇಪ್ಪತ್ತಾ?” ಎನ್ನುತ್ತಾರೆ. ಸಾಮಾನಿಗೆ ರೊಕ್ಕ ಬಿಚ್ಚಲು ನಮಗೆ ತಕರಾರಿಲ್ಲ, ಕೈಗೆ ಕೊಡಬೇಕೆಂದರೆ ಕೈ ಬರುವುದಿಲ್ಲ. ಇದನ್ನು ಅರಿತೇ ಕೆಲವು ಅಂಗಡಿಯವರು ಮಜೂರಿಯನ್ನು ಸಾಮಾನಿನ ರೇಟಿನಲ್ಲೇ ಸೇರಿಸಿಬಿಡುತ್ತಾರೆ. ನಾವೂ ನೆಮ್ಮದಿಯಾಗಿ ಕೊಡುತ್ತೇವೆ. ನನ್ನ ಮಟ್ಟಿಗೆ ಹೇಳುವುದಾದರೆ ಚಾಚಾ ಬಾಯಿಬಿಟ್ಟು ಒಂದು ರೇಟು ಹೇಳುವುದೇ ಒಳ್ಳೆಯದು. ಹೇಳಿದ್ದೇನೆ ಕೂಡ. ಅವನು ನಕ್ಕು ಪಂಪು ಎತ್ತಿಕೊಂಡ.

ಈಗ ಅವನ ಅಂಗಡಿಗೂ ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಬಂದಿದೆ. 2016ರಲ್ಲಿ ಯುಪಿಐ ಬಂದಾಗ ಇದು ಪಂಚರ್ ಅಂಗಡಿಯ ಮರ್ಯಾದೆಯ ವ್ಯವಹಾರಕ್ಕೇ ಕೈ ಹಾಕುತ್ತದೆಂದು ಯಾರೂ ಎಣಿಸಿರಲಿಲ್ಲ. ಮೊದಲು ಮಡಿಸಿದ ನೋಟನ್ನು ಅಂಗೈಯಿಂದ ಅಂಗೈಗೆ ದಾಟಿಸಿದರೆ ಎಷ್ಟು ಕೊಟ್ಟೆವೆಂದು ಮೂರನೆಯವನಿಗೆ ತಿಳಿಯುತ್ತಿರಲಿಲ್ಲ. ಈಗ ಡಬ್ಬಿ ಇಡೀ ಓಣಿಗೆ ಕೇಳುವಂತೆ ಸಾರುತ್ತದೆ. ಐದು ಕೊಡುತ್ತಿದ್ದವರು ಹತ್ತಕ್ಕೆ ಏರಿದ್ದಾರೆ. ಏರಲು ಮನಸ್ಸಿಲ್ಲದವರು ಚಿಲ್ಲರೆ ಇಟ್ಟುಕೊಂಡು ಬರುತ್ತಾರೆ.

ಮೊನ್ನೆ ಭತ್ತದ ಸಾಹುಕಾರರೊಬ್ಬರು ಬೈಕಿನ ಕ್ಲಚ್ ವಯರ್ ಬಿಗಿಸಿಕೊಂಡರು. ಹಣ ಹೋಗುತ್ತದೋ ಇಲ್ಲವೋ ನೋಡೋಣವೆಂದು ಮೊದಲು ಒಂದು ರೂಪಾಯಿ ಹಾಕಿದರು. ಡಬ್ಬಿ ಗಟ್ಟಿ ದನಿಯಲ್ಲಿ, “ಒಂದು ರೂಪಾಯಿ ಸ್ವೀಕರಿಸಲಾಗಿದೆ” ಎಂದಿತು. ಚಹಾ ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಸಾಹುಕಾರರು ಇಪ್ಪತ್ತು ಒತ್ತಿದರು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಕಿಸೆ ತಡಕಿದರೆ ಬರೀ ಐನೂರರ ನೋಟು, ಚಾಚಾನ ಹತ್ತಿರ ಚಿಲ್ಲರೆಯಿಲ್ಲ. “ಇರ್ಲಿ ಹೋಗ್ರಿ ಸಾಹುಕಾರ್ರ, ನಾಳೆ ಕೊಟ್ರಾತು” ಎಂದ ಚಾಚಾ. ಸಾಹುಕಾರರು ಕದಲಲಿಲ್ಲ. ಫೋನನ್ನು ತಲೆಯ ಮೇಲೆತ್ತಿ ಹಿಡಿದು, ಬಸ್‌ಸ್ಟ್ಯಾಂಡಿನ ಕಡೆಯಿಂದ ಬಂದವರಿಗೆಲ್ಲ, ಅವರು ಕೇಳದಿದ್ದರೂ, “ಇಪ್ಪತ್ತು ಕೊಡೋದೈತ್ರಿ, ಅದು ಬರೇ ಟೆಸ್ಟಿಂಗು” ಎನ್ನುತ್ತ ಅಲ್ಲೇ ನಿಂತರು.