ಫ್ರೀಜರಿನಲ್ಲಿ ಬೇರಿಂಗು

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವಾಗ ನಮ್ಮ ಯೆಜ್ಡಿ ಬೈಕು ಹಿಂದೆ ಹಾಕದ ಎತ್ತಿನಗಾಡಿ ಇಲ್ಲ; ನಮ್ಮನೆಯ ಪಾಲಿಗೆ ಅದೇ ಸ್ಪೋರ್ಟ್ಸ್ ಕಾರು. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದ ಸುದ್ದಿಯನ್ನು ಗಾಡಿಗೆ ಯಾರೂ ಹೇಳಿರಲಿಲ್ಲ. ಈಚೆಗೆ ಎಂಜಿನ್ನಿನೊಳಗೆ ಗೊರಗೊರ ಸದ್ದು. ಸೊರಬದ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ ಹಚ್ಚಿ, "ಕ್ರ್ಯಾಂಕ್ ಬೇರಿಂಗ್ ಹೋಗೇದೆ ಮಾರಾಯ್ರೆ" ಅಂದರು.

ಹೊಸದನ್ನು ಮನೆಯಲ್ಲೇ ಹಾಕುತ್ತೇನೆಂದು ಹೊರಟೆ. ಸೂತ್ರವೇನೋ ಸುಲಭ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ; ಹಾಗಾಗಿ ಅಲ್ಯೂಮಿನಿಯಂ ಎಂಜಿನ್ ಕೇಸು ಕಾಯಬೇಕು, ಉಕ್ಕಿನ ಬೇರಿಂಗು ಚಳಿಗೆ ಮುದುಡಬೇಕು. ಒಂದಕ್ಕೆ ಒಲೆ ಬೇಕು, ಇನ್ನೊಂದಕ್ಕೆ ಫ್ರೀಜರು. ಎರಡೂ ಅಮ್ಮನ ಸಂಸ್ಥಾನ! ಆಕೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಬೇರಿಂಗನ್ನು ಹಲಸಿನ ತೊಳೆಗಳ ಮಗ್ಗುಲಲ್ಲಿ ಮಲಗಿಸಿದೆ.

"ಇದೆಂಥದೋ, ಕಬ್ಬಿಣದ ಕೋಡುಬಳೆ?"

ವಿವರಿಸಿದೆ. ಭೌತಶಾಸ್ತ್ರಕ್ಕೆ ಅಮ್ಮ ಜಗ್ಗಲಿಲ್ಲ. ಸೊರಬದ ನೆಂಟರ ಮನೆಗೆ ಕರೆದೊಯ್ಯುತ್ತೇನೆಂದ ಮೇಲೆ ಒಲೆ ಮಂಜೂರಾಯಿತು. ಕಾದ ಕೇಸಿನೊಳಕ್ಕೆ ಬೇರಿಂಗು ಸುತ್ತಿಗೆಯ ಹಂಗಿಲ್ಲದೆ ಟಣ್ಣೆಂದು ಇಳಿಯಿತು. ನಾನು ಇಕ್ಕಳ ಹಿಡಿದೇ ಕುಣಿದೆ. ಅಮ್ಮ ಶಾಂತವಾಗಿ ಗ್ರೈಂಡರನ್ನು ನನ್ನೆದುರು ತಳ್ಳಿದರು: "ಇದೂ ಗೊರಗೊರ ಅಂತಿದೆ. ಒಲೆ ಹೇಗೂ ಬಿಸಿ ಇದೆ."