ಗಾಳಿಗೊಂದು ಮಾರ್ಕ್ಸ್ ಕಾರ್ಡು

ಮಂಡ್ಯ ಜಿಲ್ಲೆಯ ನಮ್ಮ ಆತಗೂರು ಕಡೆಯಿಂದ ಅಮೆರಿಕಕ್ಕೆ ಹೋದ ಹುಡುಗರು ಮೊದಲೆಲ್ಲ ಫೋನು ಮಾಡಿದರೆ, ನಾಲೆಗೆ ನೀರು ಬಿಟ್ಟರಾ, ಕಬ್ಬು ಕಟಾವಿಗೆ ಬಂತಾ ಅಂತ ಕೇಳುತ್ತಿದ್ದರು. ಈಗ, ‘ಇವತ್ತು ಇಲ್ಲಿ ಗಾಳಿ 150 ಚಿಕ್ಕಪ್ಪ’ ಅಂತಲೇ ಶುರು. ಗಾಳಿ ನೂರೈವತ್ತು ಅಂದರೇನು, ಕೆ.ಜಿ.ಗೋ ಲೀಟರಿಗೋ? ಕೇಳಿದರೆ, ಗಾಳಿ ಎಷ್ಟು ಕೆಟ್ಟಿದೆ ಅನ್ನೋ ಸೂಚ್ಯಂಕ ಅಂತ ನಗುತ್ತಾರೆ. ನಕ್ಕರೆ ಕೆಮ್ಮು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಸ್ಯಾನ್ ಹೊಸೆಯಲ್ಲಿರುವ ನಮ್ಮಣ್ಣನ ಮಗನಿಗೆ ಉಬ್ಬಸ. ನಮ್ಮ ಧೂಳು ಕುಡಿದು ಬೆಳೆದವನಿಗೆ ಅಲ್ಲಿ ಹೋಗಿ ಉಬ್ಬಸ ಬಂತಲ್ಲ ಅಂತ ಊರಿಗೆಲ್ಲ ಸೋಜಿಗ. ಕಾರಣ ಕಾಡ್ಗಿಚ್ಚು ಅಂತಾನೆ. 2018ರ ನವೆಂಬರಿನಲ್ಲಿ ಪ್ಯಾರಡೈಸ್ ಅನ್ನೋ ಊರಿಗೆ ಬೆಂಕಿ ಬಿದ್ದು, ಇನ್ನೂರು ಕಿಲೋಮೀಟರಿಗೂ ದೂರದ ಇವರ ಕಡೆ ಹೊಗೆ ಬಂದು, ಶಾಲೆಗಳಿಗೆ ರಜೆ ಕೊಟ್ಟರಂತೆ. 2020ರ ಸೆಪ್ಟೆಂಬರ್ 9ರಂದು ಆಕಾಶವೇ ಕಿತ್ತಳೆ ಬಣ್ಣಕ್ಕೆ ತಿರುಗಿ, ಹಗಲು ಹೊತ್ತಿನಲ್ಲೇ ದೀಪ ಹಾಕಿಕೊಂಡರಂತೆ.

‘ಗ್ರಾಣ ಏನಾರ ಹಿಡಿದಿತ್ತೇನ್ಲಾ?’ ಅಂದೆ.

‘ಇಲ್ಲ ಚಿಕ್ಕಪ್ಪ, ಕಾಡು ಹತ್ಕೊಂಡಿತ್ತು.’

ಆವಾಗಿಂದ ಇವನ ಮನೆಯಲ್ಲಿ ಗಾಳಿ ತೊಳೆಯುವ ಮಿಷನ್ನು ಬಂದು ಕೂತಿದೆ. ಗಾಳಿ ಚೆನ್ನಾಗಿದ್ದರೆ ನೀಲಿ ದೀಪ, ಕೆಟ್ಟರೆ ಕೆಂಪು. ಬಾಣಂತನಕ್ಕೆ ಹೋದ ನಮ್ಮತ್ತಿಗೆ ಬಸ್ಸಾರಿಗೆ ಒಗ್ಗರಣೆ ಕೊಟ್ಟದ್ದೇ ತಡ, ಮಿಷನ್ನು ಕೆಂಪಗೆ ಕಣ್ಣು ಬಿಟ್ಟು ಬುಸುಗುಟ್ಟಿತು. ‘ನನ್ನ ಸಾರಿಗೆ ಮೂಗು ಮುರ್ಯೋ ಸೊಸೆಯರ್ನ ಕಂಡಿವ್ನಿ, ಮಿಸನ್ನು ಮೂಗು ಮುರ್ದಿದ್ದು ಇದೇ ಮೊದ್ಲು’ ಅಂದರು ಅತ್ತಿಗೆ. ಪಾಪ, ಮಿಷನ್ನಿನ ತಪ್ಪಿಲ್ಲ. ಕಾಡ್ಗಿಚ್ಚಿನದಾಗಲಿ ಒಗ್ಗರಣೆಯದಾಗಲಿ, ಅದು ಹುಡುಕೋದು ಎರಡೂವರೆ ಮೈಕ್ರಾನಿನ, ಅದಕ್ಕೂ ಸಣ್ಣ ಕಣ. ತಲೆಗೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಪಾಲು. ಮೂಗಿನ ಕೂದಲಿಗೂ ಸಿಗದೆ, ಕೆಮ್ಮಿಗೂ ಜಗ್ಗದೆ, ನೇರ ಶ್ವಾಸಕೋಶದ ತಳಕ್ಕೆ ಇಳಿದು ಬಿಡಾರ ಹೂಡುತ್ತದೆ.

ಈ ಕಣಕ್ಕೆ ಹಲವು ದೇಶಗಳು ಮಾರ್ಕ್ಸ್ ಇಟ್ಟಿವೆ. ಒಂದು ಘನಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೊಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅಮೆರಿಕದ ಮಿತಿ 35. ನಮ್ಮ ದೇಶದ್ದು, 2009ರಿಂದ, 60. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಜಸ್ಟ್ ಪಾಸು, 60ಕ್ಕೆ ಫಸ್ಟ್ ಕ್ಲಾಸು. ಇಲ್ಲಿ ಕಮ್ಮಿ ತೆಗೆದವನೇ ಜಾಣ. ಸ್ಯಾನ್ ಹೊಸೆಯಲ್ಲಿ 50 ತೆಗೆದು ಫೇಲಾದ ಗಾಳಿ, ವಿಮಾನ ಹತ್ತಿ ದೇವನಹಳ್ಳಿಯಲ್ಲಿ ಇಳಿದರೆ ಪಾಸು! ಶ್ವಾಸಕೋಶಕ್ಕೆ ಮಾತ್ರ ಪಾಸ್‌ಪೋರ್ಟ್ ಓದಲು ಬರೋದಿಲ್ಲ.

ಇನ್ನು ನಮ್ಮೂರ ಸಂಗತಿ. ಕಬ್ಬು ಕಡಿದ ಮೇಲೆ ಒಣ ತರಗಿಗೆ ಬೆಂಕಿ. ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆ. ಸಿಪ್ಪೆ ಸಾಲದೆ ಹೋದಾಗ ಹಳೇ ಟೈರು, ಪ್ಲಾಸ್ಟಿಕ್ಕೂ ಒಲೆ ಸೇರುತ್ತವೆ ಅನ್ನೋ ದೂರು ಮಂಡ್ಯ ಜಿಲ್ಲೆಗೆ ಹೊಸದಲ್ಲ. ಧನುರ್ಮಾಸದ ಬೆಳಗ್ಗೆ ನೆಲದ ಮೇಲೆ ತಣ್ಣನೆ ಗಾಳಿ, ಅದರ ಮೇಲೆ ಮುಚ್ಚಳದ ಹಾಗೆ ಬೆಚ್ಚನೆ ಗಾಳಿ. ಹೊಗೆ ಮೇಲೇರಲಾರದೆ ಊರೊಳಗೇ ಮಲಗುತ್ತದೆ. ನಾವು ಅದಕ್ಕೆ ‘ಇಬ್ಬನಿ’ ಅಂತ ಹೆಸರಿಟ್ಟು ಬೀಡಿ ಹಚ್ಚುತ್ತೇವೆ.

ಆ ಬೀಡಿ ಬಾಯಲ್ಲೇ ಅಣ್ಣನ ಮಗನಿಗೆ ಬುದ್ಧಿಮಾತು ಬೇರೆ. ‘ಪಂಪು ಎಳ್ಕೋಬ್ಯಾಡ ಕಣ್ಲಾ, ಚಟ ಆಗ್ಬುಡ್ತದೆ!’ ಮೂವತ್ತು ವರ್ಷದ ಬೀಡಿ ಚಟವಲ್ಲ, ಉಬ್ಬಸದ ಇನ್ಹೇಲರು ಚಟ. ಅದು ಚಟ ಹಿಡಿಸುವ ಔಷಧಿಯಲ್ಲ. ದಿನಾ ತಗೋ ಅಂತ ಡಾಕ್ಟರು ಬರೆದುಕೊಟ್ಟದ್ದನ್ನು, ಉಸಿರು ಹಗುರಾಯ್ತು ಅಂತ ನಿಲ್ಲಿಸಿದರೇ ಫಜೀತಿ. ಮೂಗಿಗೆ ಟವಲು ಸುತ್ತಿಕೊಳ್ಳೋದೂ ಅಷ್ಟೇ: ಧೂಳು ತಡೆದೀತು, ಈ ಸಣ್ಣ ಕಣ ಟವಲಿನೊಳಗೆ ತೂರಿಯೇ ಬರುತ್ತದೆ. ಮುಖಕ್ಕೆ ಕಚ್ಚಿ ಕೂರುವ ಎನ್95 ಬೇಕು. ಗಡ್ಡ ಬಿಟ್ಟವರಿಗೆ ಅದೂ ದಕ್ಕದು.

ಅಣ್ಣನ ಮಗನ ಊರಲ್ಲಿ ಹೊಗೆ ಜಾಸ್ತಿಯಾದ ದಿನ ಮನೆಯೊಳಗೆ ಸೌದೆ ಉರಿಸುವಂತಿಲ್ಲ. ಪಕ್ಕದ ಮನೆ ಚಿಮಣಿ ಮೇಲೆ ಫೋನಿನಲ್ಲೇ ದೂರು ಕೊಡಬಹುದಂತೆ. ನಮ್ಮೂರಲ್ಲಿ ಹಾಗೆ ಮಾಡಿದರೆ ಮೂರು ತಲೆಮಾರಿನ ನೆಂಟಸ್ತನ ಮುರಿಯುತ್ತದೆ. ಅವನ ಗಾಬರಿಗೆ ನಾವು ನಗುತ್ತೇವೆ, ಆದರೆ ಆ ಗಾಬರಿಯೇ ಅವನ ಕೈಯಲ್ಲಿ ಕಿಟಕಿ ಮುಚ್ಚಿಸಿ, ಪಂಪು ಜೇಬಿಗೆ ಹಾಕಿಸುತ್ತದೆ. ನಮ್ಮಲ್ಲಿ ಅಳೆಯೋರಿಲ್ಲ, ಹಾಗಾಗಿ ಫೇಲಾದವರೂ ಇಲ್ಲ.

‘ಒಂದು ಮೀಟರು ಕಳಿಸ್ತೀನಿ, ಊರಲ್ಲಿ ಹಾಕ್ಸಿ ಚಿಕ್ಕಪ್ಪ’ ಅಂದಿದ್ದಾನೆ. ಅರಳಿಕಟ್ಟೆಯಲ್ಲಿ ಮಾತೆತ್ತಿದೆ. ಎಲ್ಲರೂ ಒಪ್ಪಿದರು. ಆಲೆಮನೆ ಯಜಮಾನರಂತೂ ಎಲ್ಲರಿಗಿಂತ ಮೊದಲು ಒಪ್ಪಿ, ಒಂದೇ ಒಂದು ಷರತ್ತು ಹಾಕಿದರು: ‘ಎಲ್ಲಾದ್ರೂ ಹಾಕ್ಸಿ ಸೋಮಿ, ಗಾಳಿ ಬೀಸೋ ಕಡೆ ಮಾತ್ರ ಬ್ಯಾಡ.’